ಹಸಿರು ಬಳೆಯ ಮೂಲೆ

ಉಜ್ಜಿದಷ್ಟೂ ಒಳಗಿದ್ದದ್ದು ಮೇಲೆ ಬರುತ್ತದೆ ಎಂದು ನೆಲ ಹಾಸುವ ತರಬೇತಿ ಕೊಡುತ್ತಿದ್ದ ಲೋಕೇಶ್ವರಿ ಮೇಡಂ ಹೇಳಿದಾಗ ವೃಷಭೇಂದ್ರ ಥಟ್ಟನೆ ಮೂಲೆಯ ಕಡೆ ನೋಡಿದ.

ಅವನು ತಿಳಿದದ್ದೇ ಬೇರೆ. ಗಿಡದ ಎಣ್ಣೆಯಿಂದ ಮಾಡಿದ ಅಂಟಿಗೆ ಕಲ್ಲು, ಗಾಜಿನ ಚೂರು ಕಲೆಸಿ ಹಾಸಿದರೆ ನೆಲ ಮುಗಿಯಿತು, ಅಡಿಗೆ ಹೋದದ್ದು ಅಡಿಯಲ್ಲೇ ಇರುತ್ತದೆ ಅಂತ. ಮೇಲಿನ ಪದರವನ್ನು ಮೆಷಿನ್ ತಿಂದುಹಾಕುತ್ತದೆಂದು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಮೊದಲೇ ಹೇಳಬಾರದಿತ್ತೇ? ಸಿಟ್ಟು ಬಂತು. ಭಯವಾದಾಗೆಲ್ಲ ಅವನಿಗೆ ಮೊದಲು ಬರುವುದು ಸಿಟ್ಟೇ.

ಜೊತೆಗೆ ಕೆಲಸ ಕಲಿಯುತ್ತಿದ್ದ ನೇತ್ರ ನೆಲ ಉಜ್ಜುವ ಗ್ರೈಂಡರ್ ಹಿಡಿದು ನಿಂತಿದ್ದಳು. "ನೀರು ಬುಡ್ಲಾ. ಮಕ ಯಾಕ ಸುಟ್ಟ ಬದ್ನೆಕಾಯಂಗೆ ಮಾಡ್ಕಂಡಿದ್ದೀಯ?"

"ಆ ಮೂಲೆ ಬುಟ್ಬುಡು. ಅಲ್ಲಿ ಬೀರು ಮಡುಗ್ತಾರಂತೆ. ಯಾರು ನೋಡ್ತಾರೆ?"

"ನಾನು ನೋಡ್ತೀನಿ," ಎಂದು ಕಣ್ಣಂಚಿನಲ್ಲೇ ನಕ್ಕಳು.

ಆ ನಗುವೇ ಅವನನ್ನು ಕೆಡಿಸಿದ್ದು. ಮೊನ್ನೆ ಬಕೆಟ್ಟಿನಲ್ಲಿ ಕಲೆಸಿಟ್ಟ ಅಂಟು ತಾನಾಗೇ ಕಾದು ಹೊಗೆಯಾಡುವಾಗ ಅವಳು ಅದಕ್ಕೆ ಕೈಹಾಕಲು ಹೋಗಿದ್ದಳು. ಅವನು ಮಣಿಕಟ್ಟು ಹಿಡಿದೆಳೆದ. ಹಸಿರು ಬಳೆಯೊಂದು ಒಡೆಯಿತು. "ಕೈ ಉಳಿಸ್ದೆ ಸರಿ. ಬಳೆ ಯಾರು ತೊಡಿಸ್ತಾರೆ?" ಎಂದು ಅವಳು ಇದೇ ಥರ ನಕ್ಕಿದ್ದಳು.

ಚೂರುಗಳನ್ನು ಎಸೆಯಲಾಗಲಿಲ್ಲ. ಹಸಿ ನೆಲದ ಮೂಲೆಯಲ್ಲಿ ದುಂಡಗೆ ಜೋಡಿಸಿ, ಮೇಲೆ ಅಂಟು ಸವರಿಬಿಟ್ಟಿದ್ದ.

ಅವರು ನೆಲ ಹಾಸುತ್ತಿದ್ದದ್ದು ಗೆಟ್ಟವಾಡಿಯ ಹೊಸ ಮದುವೆ ಮಂಟಪಕ್ಕೆ; ಅದನ್ನು ಕಟ್ಟಿಸುತ್ತಿದ್ದವನು ಅವನ ಸೋದರಮಾವ ಶಿವಶಂಕರಪ್ಪ. ಹೋದ ವರ್ಷ ನೇತ್ರಳ ಕೇರಿಯ ಹುಡುಗಿಯ ಜೊತೆ ದಿಂಬಂ ಘಾಟಿಯಲ್ಲಿ ಟೀ ಕುಡಿದ ತಪ್ಪಿಗೆ ತಮ್ಮ ಜಾತಿಯ ಒಬ್ಬ ಹುಡುಗನನ್ನು ಊರು ಬಿಡಿಸಿದ್ದೂ ಇದೇ ಮಾವ. ಆ ಹುಡುಗಿ ಏನಾದಳೆಂದು ಯಾರೂ ಕೇಳಲಿಲ್ಲ. ಈಗ ಮಾವ ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದ.

ಗ್ರೈಂಡರ್ ಮೂಲೆಗೆ ಬಂತು. ಬಿಳಿ ನೊರೆ ಸರಿದ ಜಾಗದಲ್ಲಿ ಬಳೆಯ ಹಸಿರು ಬಾಗೊಂದು ಮೆಲ್ಲಗೆ ಕಣ್ಣು ತೆರೆಯಿತು. ನೇತ್ರ ಮೆಷಿನ್ ನಿಲ್ಲಿಸಿದಳು.

"ಮದ್ವೆ ಮನೆ ನೆಲದಲ್ಲಿ ಒಡ್ದ ಬಳೆ," ಎಂದ ಶಿವಶಂಕರಪ್ಪ. "ಯಾರ್ದು?"

ಎಲ್ಲರ ಕಣ್ಣೂ ನೇತ್ರಳ ಮಣಿಕಟ್ಟಿನ ಮೇಲೆ ಬಿದ್ದವು. ಉಳಿದ ಬಳೆಗಳೂ ಅದೇ ಹಸಿರು. ಅವಳು ಕೈ ಹಿಂದಕ್ಕೆ ಅಡಗಿಸಿದಳು.

ಸುಮ್ಮನಿದ್ದರೆ ಅಪಶಕುನ ಮಾಡಿದವಳು ಅವಳೇ ಆಗುತ್ತಾಳೆ. ವೃಷಭೇಂದ್ರ ನೀರಿನ ಪೈಪು ಕೆಳಗಿಟ್ಟ.

"ನಾನೇ ಆಕ್ದೆ, ಮಾವ. ಅವಳ್ಗೆ ಗೊತ್ತಿಲ್ಲ."

"ಯಾಕ್ಲಾ?"

"ಅವಳ ಬಳೆ ಎಸೆಯಕ್ಕೆ ನನ್ ಕೈಲಿ ಆಗ್ನಿಲ್ಲ."

ಮಾವ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಬಾಗಿಲ ಬಳಿ ಬಿದ್ದಿದ್ದ ಉಳಿಯನ್ನು ಕಾಲಿನಿಂದ ನೇತ್ರಳ ಕಡೆ ನೂಕಿದ. "ನಿಂದು ತಾನೆ, ನೀನೇ ಕಿತ್ತಾಕು. ಆಮೇಕೆ ಇಬ್ರುನ್ನೂ ವಿಚಾರುಸ್ಕತೀನಿ."

ಅವಳು ಕುಕ್ಕರಗಾಲಲ್ಲಿ ಕುಳಿತು ಹಸಿರಿನ ಪಕ್ಕ ಉಳಿ ಇಟ್ಟಳು. ಏಟು ಬೀಳಲಿಲ್ಲ.

"ನಂಗೆ ಒಂದ್ಸಲ ಏಳ್ಬಾರ್ದಿತ್ತಾ?" ಪಿಸುಗುಟ್ಟಿದಳು.

"ಭಯ ಆಯ್ತು."

"ನಂಗೂ ಆಯ್ತದ ಕಣ್ಲಾ. ಈಗ್ಲೂ."

ಉಳಿಯನ್ನು ಗೋಡೆ ಬದಿಗಿಟ್ಟು ಎದ್ದಳು. "ಇನ್ನೂ ಒರಟಾಗಿ ಅದ ಸ್ವಾಮಿ," ಎಂದಳು ತಲೆ ಎತ್ತದೆ. "ಪಾಲಿಶ್ ಆದ್ಮೇಲೆ ಚೆಂದಾಗಿ ಕಾಣ್ತದ." ಗ್ರೈಂಡರ್ ಹಾಕಿದಳು.

ಮಾವನ ಬಾಯಿ ಆಡುತ್ತಿತ್ತು. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ವೃಷಭೇಂದ್ರ ಪೈಪು ಎತ್ತಿಕೊಂಡ. ಹಸಿರಿನ ಮೇಲೆ ಬಿಟ್ಟ ನೀರು ಅವಳ ಪಾದದ ಮೇಲೂ ಚೆಲ್ಲಿತು.

ಅವಳು ಪಾದ ಸರಿಸಲಿಲ್ಲ.