ಜರಿಯ ಹಿಂದಿನ ಉಸಿರು

ಮೊದಲು ಮೂರು ಗೆರೆಗಳು ಕಾಣಿಸಿದವು. ಕುಸಿದ ಐದು ಅಂತಸ್ತಿನ ಕಟ್ಟಡದ ಎದುರು ನಿಲ್ಲಿಸಿದ್ದ ಲಾರಿಯ ಮೇಲೆ ಒಂದು ಹಳೆಯ ಡಿಶ್ ಆಂಟೆನಾ, ಅದರ ಪಕ್ಕದಲ್ಲಿ ಒಂದು ಪರದೆ, ಪರದೆಯ ಮೇಲೆ ನಿಧಾನವಾಗಿ ಏರಿ ಇಳಿಯುವ ಮೂರು ಹಸಿರು ಗೆರೆಗಳು. "ಮೂವರು ಉಸಿರಾಡಾಕತ್ತಾರ," ಎಂದರು ಡಾ. ಮಾನ್ಯಾ ಹಂಪಣ್ಣವರ. ಆರು ತಾಸಿನ ಮೇಲೆ ಕಾಂಕ್ರೀಟಿನ ಅಡಿಯಿಂದ ಒಬ್ಬ ಅಜ್ಜಿ, ಅವಳ ಮೊಮ್ಮಗಳು ಮತ್ತು ಒಬ್ಬ ಗಾರೆ ಕೆಲಸದವ ಜೀವಂತ ಹೊರಬಂದರು. ಅದು ೨೦೫೬ರ ಬೇಸಿಗೆ. ಆ ದೃಶ್ಯವನ್ನು ನಾಡೆಲ್ಲ ನೋಡಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಪೂರ್ಣಿಮಾ ಕೂಡ ನೋಡಿ ಕಣ್ಣೊರೆಸಿಕೊಂಡಿದ್ದಳು.

ಅದೇ ವರ್ಷ ದೀಪಾವಳಿಗೆ ಮುನ್ನ, ಅಂಥದೇ ಯಂತ್ರವನ್ನು ಅವಳು ತನ್ನ ಹಿತ್ತಿಲಲ್ಲಿ ಜೋಡಿಸುತ್ತಿದ್ದಳು, ಮುಗಿಸಲು ಮನಸ್ಸಿಲ್ಲದೆ.

ಅದನ್ನು ರೂಪಿಸಿದ ಮಾನ್ಯಾ ಉಸಿರುಗ್ರಾಹಕ ಎಂದು ಕರೆದಿದ್ದರು. ಆಕಾಶದಲ್ಲಿ ಸಾವಿರಾರು ಉಪಗ್ರಹಗಳು ಹಗಲಿರುಳೂ ರೇಡಿಯೊ ಅಲೆಗಳನ್ನು ಸುರಿಸುತ್ತಿರುತ್ತವೆ. ಅವು ಹೆಂಚು, ಗೋಡೆಗಳನ್ನು ತೂರಿ ಒಳಬಂದು ನಮ್ಮ ಮೈಗೆ ತಗುಲಿ ಚದುರುತ್ತವೆ. ಎದೆ ಒಂದು ಜೋಳದ ಕಾಳಿನಷ್ಟು ಏರಿಳಿದರೂ ಚದುರಿದ ಅಲೆಯಲ್ಲಿ ಅದರ ಗುರುತು ಉಳಿಯುತ್ತದೆ. ಆ ಗುರುತನ್ನು ಓದುವುದು ಗ್ರಾಹಕದ ಕೆಲಸ. ಆದರೆ ಅಷ್ಟು ಕ್ಷೀಣವಾದ ಅಲೆಗಳನ್ನು ಒಂದೆಡೆ ಕೂಡಿಸಲು ದೊಡ್ಡ ಬೋಗುಣಿಯೊಂದು ಬೇಕು. ಹೊಸದಾಗಿ ಮಾಡಿಸುವ ಬದಲು ಮಾನ್ಯಾ ಊರೂರು ತಿರುಗಿ, ಕೇಬಲ್ ಟಿವಿ ಕಾಲದ ಹನ್ನೆರಡು ಅಡಿಯ ಜಾಲರಿ ಡಿಶ್‌ಗಳನ್ನು ಹುಡುಕಿದರು. ಓಣಿಗೊಂದು ಡಿಶ್, ವಾರ್ಡಿಗೊಂದು ರಕ್ಷಣಾ ಸಮಿತಿ. ಮನೆ ಬಿದ್ದರೆ ಒಳಗೆ ಎಷ್ಟು ಜನ ಇದ್ದಾರೆಂದು ಆ ಕ್ಷಣವೇ ತಿಳಿಯಬೇಕು ಎಂಬುದು ಅವರ ಆಸೆ.

ಪೂರ್ಣಿಮಾಳ ಮಾವ ಒಂದು ಕಾಲಕ್ಕೆ ಇಡೀ ಓಣಿಗೆ ಕೇಬಲ್ ಕೊಟ್ಟಿದ್ದರು. ಅವರು ಹೋದ ಮೇಲೆ ಡಿಶ್ ಹಿತ್ತಿಲಲ್ಲಿ ಬಾಯ್ದೆರೆದು ಬಿದ್ದುಕೊಂಡಿತ್ತು. ಎಂಬತ್ತಮೂರರ ಅತ್ತೆ ಶಕುಂತಲವ್ವ ಅದರಲ್ಲಿ ಪಂಚೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು.

"ಮೂವತ್ತು ವರ್ಸ ಇದರಾಗ ಸಂಡಿಗಿ ಒಣಗಿಸೀನಿ. ಈಗ ನೀವು ಮಂದಿ ಉಸಿರು ಒಣಗಸ್ತೀರೇನವಾ?" ಎಂದು ಅವಳು ಮಾನ್ಯಾರನ್ನು ಕೇಳಿದ್ದಳು. ಮಾನ್ಯಾ ನಕ್ಕಿದ್ದರು. ರಿಪೇರಿ ಕೆಲಸ ಬಲ್ಲ ಪೂರ್ಣಿಮಾಳೂ ನಕ್ಕು, ಒಂದು ತಿಂಗಳಲ್ಲಿ ಸರಿಮಾಡಿ ಕೊಡುವುದಾಗಿ ಒಪ್ಪಿಕೊಂಡಿದ್ದಳು.

ಆಗಿನ್ನೂ ಅಟ್ಟದ ಮೇಲೆ ಯಾರೂ ಇರಲಿಲ್ಲ.

ಲಾಸ್ಯ ಬಂದು ಈಗ ಹನ್ನೊಂದು ದಿನ. ಪೂರ್ಣಿಮಾಳ ತೀರಿಕೊಂಡ ಗೆಳತಿಯ ಮಗಳು. ನಸುಕಿನಲ್ಲಿ ಹಿತ್ತಿಲ ಗೋಡೆ ಹಾರಿ ಬಂದವಳ ಎಡಗೈ ಮಣಿಕಟ್ಟು ಬಾತು ನೀಲಿಯಾಗಿತ್ತು. "ಚಿಗವ್ವಾ, ಇನ್ನೊಮ್ಮೆ ಅಲ್ಲಿಗೆ ಹೋದ್ರ ನಾ ಉಳಿಯಂಗಿಲ್ಲ," ಎಂದಷ್ಟೇ ಹೇಳಿದಳು. ಅವಳ ಗಂಡ ರೋಹಿತ ಇದೇ ಓಣಿಯ ಕೊನೆಯ ಮನೆಯವನು, ವಾರ್ಡಿನ ರಕ್ಷಣಾ ಸಮಿತಿಯ ಕಾರ್ಯದರ್ಶಿ. ಡಿಶ್ ಸಿದ್ಧವಾದರೆ ಅದರ ಪರದೆ ಇರುವುದು ಸಮಿತಿಯ ಕೋಣೆಯಲ್ಲಿ, ಅವನ ಕಣ್ಣೆದುರು.

ಅವನು ದಿನಕ್ಕೊಮ್ಮೆ ಬಂದು ಹಿತ್ತಿಲಲ್ಲಿ ನಿಲ್ಲುತ್ತಿದ್ದ. "ಅಕ್ಕಾರ, ಲಗೂ ಮುಗಸ್ರಿ. ಯಾರ ಮನ್ಯಾಗ ಎಷ್ಟ ಮಂದಿ ಅದಾರ ಅಂತ ಗೊತ್ತಿದ್ರ ಚೊಲೊ ಅಲ್ಲೇನ್ರಿ?" ಅವನ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಪೂರ್ಣಿಮಾಳಿಗೆ ಅದೇ ಹೆಚ್ಚಿನ ಹೆದರಿಕೆ. ಕೆಲಸ ಬಿಟ್ಟರೆ ಯಾಕೆ ಬಿಟ್ಟೆ ಎನ್ನುತ್ತಾನೆ. ಮುಗಿಸಿದರೆ ಮೊದಲ ಪರೀಕ್ಷೆಯಲ್ಲೇ ಈ ಮನೆಯೂ ಪರದೆಗೆ ಬರುತ್ತದೆ.

ಕೆಡಿಸಬಹುದಿತ್ತು. ಡಿಶ್‌ನ ನಡುವೆ ಮೂರು ಕಾಲಿನ ಮೇಲೆ ನಿಂತ ಫೀಡ್, ಅಂದರೆ ಕೂಡಿದ ಅಲೆಗಳನ್ನು ನುಂಗುವ ಬಾಯಿ, ಎರಡು ಬೆರಳು ಆಚೆ ಸರಿದರೂ ಗ್ರಾಹಕ ಕುರುಡಾಗುತ್ತದೆ. ಸ್ಪ್ಯಾನರ್ ಕೈಗೆತ್ತಿಕೊಂಡಳು ಕೂಡ. ಆದರೆ ಕಣ್ಣೆದುರು ಧೂಳು ಮೆತ್ತಿದ ಆ ಅಜ್ಜಿ, ಮೊಮ್ಮಗಳು ಬಂದರು. ಈ ಓಣಿಯ ಮಣ್ಣಿನ ಗೋಡೆಗಳ ಕೆಳಗೂ ಮಕ್ಕಳು ಮಲಗುತ್ತಾರೆ. ಸ್ಪ್ಯಾನರ್ ಕೆಳಗಿಟ್ಟಳು.

ತುಕ್ಕು ತಿಕ್ಕಿ, ಮರದ ಕೊಡತಿಯಿಂದ ತಗ್ಗುಗಳನ್ನು ಎತ್ತಿದ ಮೇಲೆ ಅಂಚು ಸೊಟ್ಟಗಿದೆಯೇ ನೋಡಬೇಕಿತ್ತು. ಅದಕ್ಕೆ ಮಾವ ಕಲಿಸಿದ ಉಪಾಯವೊಂದಿತ್ತು. ಅಂಚಿನಿಂದ ಅಂಚಿಗೆ ಎರಡು ನೂಲು ಅಡ್ಡಡ್ಡ ಬಿಗಿಯಬೇಕು, ನಡುವೆ ಒಂದಕ್ಕೊಂದು ತಾಗಿದರೆ ಸಮ. ಅವಳು ಮಗ್ಗದ ನೂಲು ಕಟ್ಟಿ ಬಗ್ಗಿ ನೋಡುತ್ತಿದ್ದಳು. ನೂಲಿನಾಚೆ ಜಾಲರಿ, ಜಾಲರಿಯ ತೂತುಗಳಲ್ಲಿ ಆಕಾಶ. ಇಷ್ಟು ತೂತಿದ್ದರೂ ಅಲೆ ಇದನ್ನು ದಾಟುವುದಿಲ್ಲ. ಅಲೆಗಿಂತ ತೂತು ಸಣ್ಣದಿದ್ದರೆ ಸಾಕು, ಲೋಹದ ಎಳೆಗಳು ಅದನ್ನು ತಡೆದು ತಿರುಗಿಸುತ್ತವೆ.

ಲೋಹದ ಎಳೆಗಳು. ಅವಳು ನೆಟ್ಟಗೆ ನಿಂತಳು.

"ಅತ್ತಿ, ಆ ಹಳೇ ಟ್ರಂಕಿನ ಕೀಲಿ ಎಲ್ಲೈತಿ?"

ಮಾರಾಟವಾಗದೆ ಉಳಿದ ಒಂಬತ್ತು ಸೀರೆಗಳು, ಅತ್ತೆಯ ಮದುವೆಯ ಸೀರೆ. ಮೈತುಂಬ ಹಿಂದಿನ ಕಾಲದ ಜರಿ, ಬೆಳ್ಳಿ ಬಳಿದ ತಾಮ್ರದ ಎಳೆ. ಈಗಿನ ಪ್ಲಾಸ್ಟಿಕ್ ಹೊಳಪಲ್ಲ. ಶಕುಂತಲವ್ವ ಸೂಜಿಗೆ ದಾರ ಪೋಣಿಸಿದಳು. ಮಧ್ಯಾಹ್ನವೆಲ್ಲ ಕೂತು ಇಬ್ಬರೂ ಅಟ್ಟದ ಹಳೆಯ ಮಗ್ಗದ ಸುತ್ತ, ಮೇಲೆ, ಕೆಳಗೆ ಸೀರೆಗಳನ್ನು ಒಂದಕ್ಕೊಂದು ಹೊಲಿದರು. ಒಳಗೆ ಕೂತ ಲಾಸ್ಯಳ ಮುಖದ ಮೇಲೆ ಬಂಗಾರದ ಚುಕ್ಕೆಗಳು ಬಿದ್ದವು.

"ಮದುಮಗಳಾಗಿ ಉಡೂ ಸೀರಿ," ಎಂದಳು ಶಕುಂತಲವ್ವ. "ಇದಕ್ಕ ಬಂತ ನೋಡ."

ಪರೀಕ್ಷೆಯ ದಿನ ಡಿಶ್ ಆಕಾಶಕ್ಕೆ ಬೆನ್ನು ಹಾಕಿ ಓಣಿಯ ಕಡೆ ಮುಖ ತಿರುಗಿಸಿತು. ಪರೀಕ್ಷೆಗೆಂದು ಹಿತ್ತಿಲಲ್ಲೇ ಇಟ್ಟಿದ್ದ ಪರದೆಯ ಮೇಲೆ ಮನೆಗಳು ಒಂದೊಂದಾಗಿ ಬಂದವು. ಎದುರು ಮನೆಯಲ್ಲಿ ನಾಲ್ಕು ಗೆರೆ, ಒಂದು ಕೂಸಿನದು, ಬೇಗಬೇಗ. ಅದರ ಮಗ್ಗುಲಲ್ಲಿ ಎರಡು. ಬಳಿಕ ಈ ಮನೆ. ಅಡುಗೆಮನೆಯಲ್ಲಿ ಅತ್ತೆಯ ಒಂದು ಗೆರೆ.

"ಅಟ್ಟದ ಮ್ಯಾಲ ನೋಡ್ರಿ ಮೇಡಂ," ಎಂದ ರೋಹಿತ.

ಮಾನ್ಯಾ ಗುಂಡಿ ತಿರುಗಿಸಿದರು. ಪರದೆ ಕಪ್ಪಾಯಿತು. ಅವರು ಅದನ್ನೇ ನೋಡುತ್ತ ನಿಂತರು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

"ಯಾರೂ ಇಲ್ಲ," ಎಂದರು ಮಾನ್ಯಾ.

ಅವನು ಹೋದ ಮೇಲೆ ಅವರು ದನಿ ತಗ್ಗಿಸಿದರು. "ಅಕ್ಕಾ, ಖಾಲಿ ಜಾಗ ಹಿಂಗ ಕಾಣೂದಿಲ್ಲ. ಇಲಿ ಇರ್ತಾವ, ಹಲ್ಲಿ ಇರ್ತಾವ, ಗಾಳಿಗೆ ಹಗ್ಗ ಅಲಗತೈತಿ. ನಿಮ್ಮ ಅಟ್ಟದಾಗ ಏನಂದ್ರ ಏನೂ ಇಲ್ಲ. ಯಾರೋ ಮುಚ್ಚಿದಂಗ ಐತಿ."

ಪೂರ್ಣಿಮಾ ಬಾಯಿ ತೆರೆದಳು.

"ಹೇಳಬ್ಯಾಡ್ರಿ. ನಾ ಕೇಳಂಗಿಲ್ಲ. ಆದರ ಈ ಗ್ರಾಹಕ ತಾನ ಕಲೀತೈತಿ. ಹದಿನೈದು ದಿನದಾಗ ಇಂಥಾ ಕಪ್ಪಿನ ಸುತ್ತ ಕೆಂಪು ಗೆರಿ ಹಾಕಾಕ ಶುರು ಮಾಡತೈತಿ."

"ನೀವ ಮಾಡಿದ್ದಲ್ಲೇನ್ರಿ? ನೀವ ತಡೀರಿ."

"ಮಾಡುವಾಗ ಯಾರನ್ನ ಹುಡುಕಬೇಕು ಅಂತಷ್ಟ ವಿಚಾರ ಮಾಡಿದ್ದೆ," ಎಂದರು ಮಾನ್ಯಾ. "ಯಾರು ಹುಡುಕತಾರ ಅಂತ ಮಾಡಲಿಲ್ಲ. ಈಗ ಅದರ ಕೀಲಿ ಸಮಿತಿ ಕೈಯಾಗೈತಿ."

ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಶಕುಂತಲವ್ವ ಸೆರಗು ಕೊಡವಿಕೊಂಡಳು. "ಒಂದ ಮನ್ಯಾಗ ಕಪ್ಪಿದ್ರ ಸುದ್ದಿ ಆಗತೈತಿ. ಈ ಓಣ್ಯಾಗ ಜರಿ ಇಲ್ಲದ ಮನಿ ಯಾವುದೈತಿ ಹೇಳು?"

ಮಳೆಗಾಲ ಮುಗಿದ ಮೇಲೆ ಹಳೆಯ ಜರಿ ಸೀರೆಗಳನ್ನು ಬಿಸಿಲಿಗೆ ಹಾಕದೆ, ಕಪ್ಪಾಗದಂತೆ ಅಟ್ಟದಲ್ಲಿ ಹರವಿ ಗಾಳಿಯಾಡಿಸುವುದು ಆ ಓಣಿಯ ಹಿಂದಿನ ರೂಢಿ. ಮುದುಕಿ ಕೋಲೂರಿಕೊಂಡು ಮನೆಮನೆಗೆ ಹೋಗಿ ಅದನ್ನು ನೆನಪಿಸಿದಳು. ಯಾವ ಹೆಂಗಸೂ ಈ ವರ್ಷವೇ ಯಾಕೆ ಎಂದು ಕೇಳಲಿಲ್ಲ. ಎದುರು ಮನೆಯ ಬಾಣಂತಿ ಮಾತ್ರ ಎರಡು ಸೀರೆ ತಂದು, "ಒಂದ ನಮ್ಮ ಅಟ್ಟಕ್ಕ. ಇನ್ನೊಂದ ನಿಮ್ಮಲ್ಲೇ ಇರಲಿ, ಸಾಲದಿದ್ರ," ಎಂದು ತಲೆ ತಗ್ಗಿಸಿ ಹೊರಟುಹೋದಳು.

ಹದಿನೈದನೆಯ ದಿನ ಪರದೆಯ ಮೇಲೆ ನಲವತ್ತೊಂದು ಮನೆಗಳಲ್ಲಿ ನಲವತ್ತೊಂದು ಕೆಂಪು ವೃತ್ತಗಳು ಮೂಡಿದವು. ರೋಹಿತ ನಾಲ್ಕು ಅಟ್ಟ ಹತ್ತಿ ನೋಡಿದ. ಪ್ರತಿ ಮನೆಯಲ್ಲೂ ಸೀರೆ, ನುಸಿಗುಳಿಗೆ, ಹೆಂಗಸರ ನಗು. ಐದನೆಯದನ್ನು ಹತ್ತದೆ, "ಯಂತ್ರಾನ ಕೆಟ್ಟೈತಿ," ಎಂದು ಬೈದುಕೊಂಡು ಹೊರಟ. ಪೂರ್ಣಿಮಾಳ ಮನೆ ಆರನೆಯದು.

ಮಾನ್ಯಾ ಊರು ಬಿಡುವ ಮುನ್ನ ಬಂದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಅಕ್ಕಾ, ಒಂದು ತಿಳಕೋರಿ. ನಾಳೆ ಈ ಮನಿ ಬಿದ್ರ, ಆ ಸೀರಿ ಕೆಳಗ ಇದ್ದವರನ್ನ ನನ್ನ ಡಿಶ್ ಹುಡುಕಂಗಿಲ್ಲ. ಅವರ ಪಾಲಿಗೆ ಅದು ಸತ್ತಂಗ."

ಶಕುಂತಲವ್ವ ಸಂಡಿಗೆಯ ಹಿಟ್ಟು ಕಲಸುತ್ತ ಹೇಳಿದಳು, "ಕೇಬಲ್ ಇದ್ದಾಗ ಯಾರ ಮನ್ಯಾಗರ ಎರಡ ದಿನ ಟಿವಿ ಸಪ್ಪಳ ಬರಲಿಲ್ಲಂದ್ರ ನಾ ಹೋಗಿ ಬಾಗಲಾ ಬಡೀತಿದ್ದೆ. ಇದ್ದೀಯೇನವಾ ಅಂತ. ಅದಕ್ಕ ಡಿಶ್ ಬೇಕಾಗಿರಲಿಲ್ಲ ಬಿಡು."

ಅಂದಿನಿಂದ ಓಣಿಯ ಹೆಂಗಸರು ಬೆಳಿಗ್ಗೆ ಒಲೆ ಹೊತ್ತಿಸುವ ಮುನ್ನ ನಡುಗೋಡೆ ಬಡಿಯತೊಡಗಿದರು. ಈಚೆಯಿಂದ ಮೂರು ಪೆಟ್ಟು, ಆಚೆಯಿಂದ ಮೂರು.

ಪೂರ್ಣಿಮಾ ಗೋಡೆಯ ನಂತರ ಅಟ್ಟವನ್ನೂ ಬಡಿಯುತ್ತಾಳೆ, ಕಸಬರಿಗೆಯ ಹಿಡಿಯಿಂದ. ದಿನವೂ ಕೂಡಲೇ ಉತ್ತರ ಬರುತ್ತದೆ. ಒಂದು ಮುಂಜಾನೆ ಬರಲಿಲ್ಲ. ಹಿತ್ತಿಲಲ್ಲಿ ಡಿಶ್ ತಣ್ಣಗೆ ಮನೆಯ ಕಡೆ ಮುಖಮಾಡಿ ನಿಂತಿತ್ತು. ಅವಳು ಮತ್ತೆ ಬಡಿದು ಕತ್ತೆತ್ತಿ, ಉಸಿರು ಹಿಡಿದು ಕಾದಳು. ಆ ಹೊತ್ತು ಸಮಿತಿಯ ಕೋಣೆಯಲ್ಲಿ ಯಾರಾದರೂ ಪರದೆ ನೋಡಿದ್ದರೆ, ಏರದೆ ಇಳಿಯದೆ ನೇರ ನಿಂತ ಅವಳ ಗೆರೆಯನ್ನು ಕಂಡು, ಈ ಮನೆಯಲ್ಲಿ ಒಬ್ಬ ಹೆಂಗಸು ಸತ್ತಳೆಂದುಕೊಳ್ಳುತ್ತಿದ್ದರು.

ಆಮೇಲೆ ಮೇಲಿನಿಂದ, ನಿದ್ದೆಗಣ್ಣಿನ ಬೆರಳುಗಳು ಹಲಗೆಯ ಮೇಲೆ ಒಂದು, ಎರಡು, ಮೂರು ಎಂದವು.