ಹಾಕಿದವರೇ ತೆಗೆಯಬೇಕು

ಮೊದಲ ದಿನ ಅವರು ನಾಲ್ಕು ಮಹಡಿ ಮೆಟ್ಟಿಲು ಹತ್ತಿಕೊಂಡು ಬಂದಿದ್ದರು. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಉಸಿರು ಹದಕ್ಕೆ ಬರುವವರೆಗೂ ಹಸ್ತಪ್ರತಿಯ ತಮ್ಮ ನಕಲನ್ನು ಎದೆಗೆ ಒತ್ತಿ ಹಿಡಿದಿದ್ದರು.

"ಲಿಫ್ಟ್ ಇದೆಯಲ್ಲ ಸರ್," ಅಂದೆ.

"ಇದೆ. ಅದರ ಶಬ್ದ ಕೇಳಿದೆ. ಅದಕ್ಕೇ ಹತ್ಕೊಂಡು ಬಂದೆ."

ದಿನಕ್ಕೆ ನಾಲ್ಕು ಸಲ ನಾನು ಓಡಾಡುವ ಲಿಫ್ಟು ಅದು. "ಯಾಕೆ, ಬೀಳುತ್ತಾ?"

"ಬೀಳಲ್ಲ ಮೇಡಂ. ಗೊಣಗುತ್ತೆ ಅಷ್ಟೆ. ವಯಸ್ಸಾಗಿ ಗೊಣಗೋರ ಜೊತೆ ಒಂದೇ ರೂಮಲ್ಲಿ ನಿಲ್ಲೋದು ನನಗೆ ಕಷ್ಟ."

ಆಗ ಅವರಿಗೆ ಅರವತ್ತಮೂರು. ನನಗೆ ಐವತ್ತೈದು.

ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಕೆಲಸದಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರಂತೆ. ನನ್ನ ಬಾಯಿಗೂ ಅದೇ ಬಂತು. ನಿವೃತ್ತಿಯಾದ ಮೇಲೆ ಮೂರು ವರ್ಷ ಕೂತು ಒಂದು ಕಾದಂಬರಿ ಬರೆದು ಏಳು ಪ್ರಕಾಶಕರಿಗೆ ಕಳಿಸಿದ್ದರು. ಆರು ಜನ ಉತ್ತರಿಸಲಿಲ್ಲ. ನಮ್ಮ ಪ್ರಕಾಶನದ ಯಜಮಾನರು ಅಂಚೆಯಲ್ಲಿ ಬಂದ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿ, "ಓದಿ ನೋಡಿ. ಬೇಡ ಅನಿಸಿದ್ರೆ ನೋವಾಗದ ಹಾಗೆ ಒಂದು ಪತ್ರ ಬರೀರಿ" ಅಂದಿದ್ದರು.

ಇಪ್ಪತ್ತನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ಟೀ ತಣ್ಣಗಾಗಿತ್ತು. ಕತೆ ಇಷ್ಟೇ: ಒಬ್ಬ ಲಿಫ್ಟಿನವನು, ಏಳನೇ ಮಹಡಿಯ ಒಬ್ಬ ಹೆಂಗಸು. ಬಾಗಿಲು ತೆರೆದು ಮುಚ್ಚುವ ಕೆಲವೇ ಕ್ಷಣ ಅವನು ಅವಳನ್ನು ನೋಡುತ್ತಾನೆ. ಹನ್ನೊಂದು ವರ್ಷ.

ಆಮೇಲೆ ಪ್ರತಿ ಮಂಗಳವಾರ ಬರತೊಡಗಿದರು. ವಾರಕ್ಕೊಂದು ಅಧ್ಯಾಯ. ಕಿವಿಯ ಹಿಂದೆ ಪೆನ್ಸಿಲ್ ತುಂಡು, ಉಗುರಿನ ಅಂಚಿನಲ್ಲಿ ಮೂರು ವರ್ಷದ ಸೋಪಿಗೂ ಬಗ್ಗದ ಗ್ರೀಸಿನ ಗೆರೆ. ನಾನು ಗಟ್ಟಿಯಾಗಿ ಓದುವಾಗ ಕಣ್ಣು ಮುಚ್ಚಿ, ಗೋಡೆಯ ಆಚೆ ಮೋಟರ್ ಓಡುತ್ತಿದೆಯೇನೋ ಎಂಬಂತೆ ತಲೆ ವಾಲಿಸಿ ಕೇಳುತ್ತಿದ್ದರು.

"ಅಲ್ಲಿ ಎಲ್ಲೋ ಉಜ್ತಾ ಇದೆ."

ನೋಡಿದರೆ ನಿಜಕ್ಕೂ ಅಲ್ಲೊಂದು ಪದ ಹೆಚ್ಚಾಗಿರುತ್ತಿತ್ತು. ಮೂವತ್ತು ವರ್ಷ ಸಂಪಾದಕಿಯಾಗಿ ಹಸ್ತಪ್ರತಿ ತಿದ್ದಿದ ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಬೀಳುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ಅಂತಲೇ ಅಂದುಕೊಂಡಿದ್ದೆ.

"ಈ ಏಳನೇ ಮಹಡಿಯವಳು ನಿಜವಾಗ್ಲೂ ಇದ್ದಳಾ ಮೇಸ್ತ್ರಿ?" ಒಂದು ದಿನ ಕೆಣಕಿದೆ.

ಅವರು ಟೀಗೆ ಎರಡನೇ ಚಮಚ ಸಕ್ಕರೆ ಹಾಕಿ ತುಂಬಾ ಹೊತ್ತು ಕಲಕಿದರು. ಒಮ್ಮೆ ನನ್ನತ್ತ ನೋಡಿ, ಕೂಡಲೇ ಕಿಟಕಿಯತ್ತ ತಿರುಗಿದರು.

"ಇರ್ಲಿಲ್ಲ. ಈಗೀಗ ಇದಾಳೆ ಅನ್ನಿಸ್ತಿದೆ."

ಆ ದಿನ ಸಂಜೆಯವರೆಗೆ ಒಂದೇ ಪುಟವನ್ನು ನಾಲ್ಕು ಸಲ ತಿದ್ದಿದೆ.

ಮದುವೆಯಿಂದ ಹೊರಬಂದು ನನಗೆ ಹದಿನಾರು ವರ್ಷ. ಈ ನಡುವೆ ಒಂದೆರಡು ಸಲ ವಾಕ್ಯಗಳಿಗೆ ಮನಸೋತಿದ್ದೇನೆ. ಬರೆದವರನ್ನು ಕಂಡಾಗ ಹೋಟೆಲಿನಲ್ಲಿ ಮಾಣಿಗಳ ಮೇಲೆ ರೇಗುವ ಯಾರೋ ಎದುರಿಗಿದ್ದರು. ನಮ್ಮ ಕಸುಬಿನ ಅಪಾಯ ಇದು. ಮಂಗಳವಾರ ಬೆಳಿಗ್ಗೆ ನಾನು ಸೀರೆ ಬದಲಿಸಿ ಉಡುತ್ತಿದ್ದದ್ದು ಯಾರಿಗಾಗಿ? ಪುಸ್ತಕದೊಳಗಿನವನಿಗೋ, ಎರಡು ಚಮಚ ಸಕ್ಕರೆಯವರಿಗೋ? ತಿಳಿಯುತ್ತಿರಲಿಲ್ಲ.

ಮತ್ತೆ ಬರೆಯುತ್ತೇನೆಂದು ಹಿಂದಕ್ಕೆ ಒಯ್ದಿದ್ದ ಕೊನೆಯ ಅಧ್ಯಾಯವನ್ನು ಒಂದು ಮಂಗಳವಾರ ಲಕೋಟೆಯಲ್ಲಿ ತಂದರು. ಲಕೋಟೆಗೆ ತಂತಿ ಕಟ್ಟಿ ಒಂದು ಕೆಂಪು ಕಾರ್ಡು ತೂಗಿಸಿದ್ದರು: "ಕೆಲಸ ನಡೆಯುತ್ತಿದೆ. ಮುಟ್ಟಬೇಡಿ." ಕೆಳಗೆ ಅವರ ಸಹಿ.

"ಇದೇನು ಮೇಸ್ತ್ರಿ?"

"ರಿಪೇರಿ ಮಾಡೋವಾಗ ಸ್ವಿಚ್ಚಿಗೆ ತೂಗಿಸೋದು. ಅಭ್ಯಾಸ. ಇದು ಇಲ್ಲೇ ಇರ್ಲಿ, ಮನೇಲಿದ್ರೆ ಹರಿದು ಹಾಕ್ತೀನಿ. ಮಂಗಳವಾರ ಬಂದು ನೋಡ್ತೀನಿ." ಜೇಬಿನಿಂದ ಇನ್ನೊಂದು ಖಾಲಿ ಕಾರ್ಡು ತೆಗೆದರು. "ಇಬ್ಬರು ಕೆಲಸ ಮಾಡೋವಾಗ ಇಬ್ಬರದೂ ತೂಗ್ಬೇಕು. ನಿಮ್ಮದೂ ಹಾಕಿ."

ಸಹಿ ಮಾಡಿ ತೂಗಿಸಿದೆ. ಎರಡು ಕಾರ್ಡು ಒಂದಕ್ಕೊಂದು ತಾಗಿ ನಿಂತವು. ನನ್ನ ಕಿವಿ ಬಿಸಿಯಾಯಿತು, ಈ ವಯಸ್ಸಿನಲ್ಲಿ!

ಮಂಗಳವಾರ ಅವರು ಬರಲಿಲ್ಲ. ಜ್ವರವಂತೆ. ಯಜಮಾನರು ಬಂದು ಮೇಜು ತಟ್ಟಿದರು. "ಗುರುವಾರ ಪ್ರೆಸ್ಸಿಗೆ ಕೊಡದಿದ್ರೆ ಇನ್ನು ಆರು ತಿಂಗಳು ನಮ್ಮ ಸರದಿ ಇಲ್ಲ ಮೇಡಂ."

ಎರಡೂ ಕಾರ್ಡು ಬಿಚ್ಚಿ ಲಕೋಟೆ ತೆರೆದೆ.

ಲಿಫ್ಟು ಆರು, ಏಳನೇ ಮಹಡಿಗಳ ನಡುವೆ ನಿಲ್ಲುತ್ತದೆ. ಮೇಲಿನ ಸಂದಿಯಿಂದ ಅವಳು ಬಗ್ಗಿ ಕೇಳುತ್ತಾಳೆ: "ಹತ್ತಿ ಬರ್ತೀಯಾ, ಇಳಿದು ಹೋಗ್ತೀಯಾ?"

ಅಷ್ಟೇ. ಕೆಳಗೆ ಖಾಲಿ ಕಾಗದ.

ನನ್ನ ಕಣ್ಣು ತುಂಬಿತು. ಉತ್ತರವೇ ಇಲ್ಲದ ಮುಕ್ತಾಯ! ಇಂಥ ಕೊನೆಗಳಿಗಾಗಿ ಎಷ್ಟು ಅನುವಾದಗಳನ್ನು ಓದಿದ್ದೆ, ಒಂದೂ ಇಷ್ಟು ಧೈರ್ಯದ್ದಾಗಿರಲಿಲ್ಲ. ಪ್ರೆಸ್ಸಿಗೆ ಕೊಟ್ಟೆ. ಅವರ ಮನೆಗೆ ಕರಡಚ್ಚು ಕಳಿಸುವಾಗ ಒಂದು ಚೀಟಿ ಇಟ್ಟೆ: "ಇದಕ್ಕಿಂತ ಒಳ್ಳೆಯ ಕೊನೆ ಇರಲಾರದು."

ಎರಡು ದಿನಕ್ಕೆ ಯಜಮಾನರು ಮತ್ತೆ ನನ್ನ ಮೇಜಿನ ಹತ್ತಿರ ನಿಂತಿದ್ದರು. "ಏನ್ ಮಾಡಿದ್ರಿ? ನಿಮ್ಮ ಮೇಸ್ತ್ರಿ ಪುಸ್ತಕಾನೇ ಬೇಡ ಅಂತಾರೆ!"

ನಿಮ್ಮ ಮೇಸ್ತ್ರಿ. ಈ ಗೊಂದಲದಲ್ಲೂ ಆ ಒಂದು ಪದ ಕಿವಿಯಲ್ಲಿ ಉಳಿಯಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಹೊಗಳಿಕೆ ಅತಿಯಾಯಿತೇ? ಚೀಟಿಯಲ್ಲಿ ಏನಾದರೂ ಸಲಿಗೆ ಕಂಡಿತೇ? ಏಳನೇ ಸಲಕ್ಕೆ ಅವರ ಮಗಳು ಎತ್ತಿದಳು.

"ಆಂಟಿ, ಅಪ್ಪನ ಕಾರ್ಡು ನೀವು ಬಿಚ್ಚಿದ್ರಾ?"

"ಹೂಂ ಕಣಮ್ಮ. ಯಾಕೆ?"

"ನಮ್ಮ ದೊಡ್ಡಪ್ಪನೂ ಅಪ್ಪನ ಜೊತೆ ಲಿಫ್ಟ್ ಕೆಲಸಾನೇ ಮಾಡ್ತಿದ್ರು. ಒಂದಿನ ದೊಡ್ಡಪ್ಪ ಒಳಗಿರೋವಾಗ, ಕೆಲಸ ಮುಗೀತು ಅಂದ್ಕೊಂಡು ಯಾರೋ ಅವರ ಕಾರ್ಡು ತೆಗೆದು ಸ್ವಿಚ್ ಹಾಕಿದ್ರು. ಬಲಗೈ ಹೋಯ್ತು. ಹಾಕಿದವರೇ ತೆಗೀಬೇಕು ಆಂಟಿ. ಬೇರೆ ಯಾರೂ ಮುಟ್ಟಬಾರದು."

ಮೇಜಿನ ಮೇಲೆ ಬಿದ್ದಿದ್ದ ಎರಡೂ ಕಾರ್ಡುಗಳನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಮತ್ತೆ, ಆ ಅಧ್ಯಾಯ ಇನ್ನೂ ಮುಗಿದಿರ್ಲಿಲ್ಲ."

"ಮುಗಿದಿರ್ಲಿಲ್ವಾ? ನಾನು ಅಷ್ಟೊಂದು ಹೊಗಳಿದ್ನಲ್ಲೇ!"

"ಅದನ್ನ ಓದಿಯೇ ಅಪ್ಪ ಕಂಗಾಲಾಗಿದ್ದು."

ಪ್ರೆಸ್ಸಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದೆ. ಬುಧವಾರದವರೆಗೆ ತಡೆಯುತ್ತೇವೆ, ಅದಾದ ಮೇಲೆ ಬೇರೆಯವರ ಸರದಿ ಅಂದರು. ಯಜಮಾನರ ಬೈಗುಳ ತಲೆ ತಗ್ಗಿಸಿ ಕೇಳಿದೆ. ಮೂಲ ಹಾಳೆಗಳನ್ನು ಲಕೋಟೆಗೆ ಸೇರಿಸಿ, ಅವರ ಕಾರ್ಡನ್ನು ಮೊದಲಿನ ಜಾಗದಲ್ಲೇ ಕಟ್ಟಿ, ಪಕ್ಕದಲ್ಲಿ ನನ್ನದನ್ನೂ ಕಟ್ಟಿದೆ. ಮಗಳ ಕೈಗೆ ಸಿಗುವಂತೆ ಪತ್ರ ಕಳಿಸಿದೆ: "ತಪ್ಪು ನನ್ನದು. ಮತ್ತೆ ತೂಗಿಸಿದ್ದೇನೆ. ನೀವು ಬರುವವರೆಗೆ ಯಾರೂ ಮುಟ್ಟುವುದಿಲ್ಲ. ನಾನೂ."

ಮಂಗಳವಾರ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಆ ನಿಧಾನದ ಹೆಜ್ಜೆ ಕೇಳಿಸಿತು.

ಬಂದು ಕೂತರು. ಜ್ವರಕ್ಕೆ ಕೆನ್ನೆ ಇಳಿದಿತ್ತು. ನನ್ನನ್ನು ನೋಡದೆ ಕಾರ್ಡುಗಳನ್ನೇ ನೋಡಿದರು.

"ಗಂಟು ಸರಿಯಾಗಿ ಹಾಕಿದ್ದೀರಿ."

"ನಿಮ್ಮ ಗಂಟೇ ನೋಡ್ಕೊಂಡು ಹಾಕಿದ್ದು."

"ನಾನು ಸಿಟ್ಟು ಮಾಡ್ಕೊಂಡಿರ್ಲಿಲ್ಲ ಮೇಡಂ. ಹೆದರಿದ್ದೆ." ಪೆನ್ಸಿಲ್ ತುಂಡನ್ನು ಬೆರಳುಗಳ ನಡುವೆ ತಿರುಗಿಸಿದರು. "ಅವಳು ಕೇಳಿದ್ದಕ್ಕೆ ಅವನು ಏನು ಹೇಳ್ತಾನೆ ಅಂತ ಎರಡು ತಿಂಗಳಿಂದ ಹೊಳೀತಿಲ್ಲ. ಅವಳು ಮೊದಲು ಯಾರೋ ಆಗಿದ್ಲು, ಸುಲಭವಾಗಿತ್ತು. ಆಮೇಲೆ ನಿಮ್ಮ ಥರ ಮಾತಾಡೋಕೆ ಶುರು ಮಾಡಿದ್ಲು. ಆಮೇಲೆ ಪೆನ್ಸಿಲ್ ಮುಂದಕ್ಕೆ ಹೋಗ್ಲಿಲ್ಲ."

ನಾನೂ ಏನಾದರೂ ಹೇಳಬೇಕಿತ್ತು. "ಮೇಸ್ತ್ರಿ, ನನಗೂ ಏನೂ ಅರ್ಥ ಆಗ್ತಿಲ್ಲ. ನನಗೆ ಇಷ್ಟ ಆಗಿರೋದು ಪುಸ್ತಕದವನೋ ನೀವೋ."

ಅವರು ಗಂಭೀರವಾಗಿ ಯೋಚಿಸಿದರು. "ಅವನು ಟೀಗೆ ಸಕ್ಕರೆ ಹಾಕ್ಕೊಳಲ್ಲ. ಅದೊಂದು ವ್ಯತ್ಯಾಸ ಇದೆ."

ನಕ್ಕುಬಿಟ್ಟೆ. ಅವರೂ ನಕ್ಕರು. ಮೊದಲ ಬಾರಿಗೆ ಅವರ ನೋಟ ನನ್ನ ಮುಖದ ಮೇಲೆ ನಿಂತಿತು, ಕಿಟಕಿಗೆ ಜಾರಲಿಲ್ಲ. ಆಮೇಲೆ ಲಕೋಟೆಯಿಂದ ಹಾಳೆ ಎಳೆದು, ಅವಳ ಪ್ರಶ್ನೆಯ ಕೆಳಗೆ ಒಂದು ಸಾಲು ಬರೆದು, ತಮ್ಮ ಕಾರ್ಡು ಬಿಚ್ಚಿ ಜೇಬಿಗಿಟ್ಟರು.

ಓದಿದೆ. ಲಿಫ್ಟಿನವನು ಹೇಳುತ್ತಾನೆ: "ಗೊತ್ತಿಲ್ಲ. ನೀನು ಬಾಗಿಲು ಹಿಡಿದಿರು."

ಎಲ್ಲೂ ಉಜ್ಜುತ್ತಿರಲಿಲ್ಲ.

"ಮೇಡಂ, ಪ್ರೆಸ್ಸಿಗೆ ಏನ್ ಹೇಳ್ಲಿ?" ಒಳಗಿನಿಂದ ಯಜಮಾನರು ಕೂಗಿದರು.

ಮೇಸ್ತ್ರಿ ನನ್ನ ಕಾರ್ಡನ್ನು ಕಣ್ಣಲ್ಲೇ ತೋರಿಸಿದರು. "ಅದು ನೀವೇ ತೆಗೀಬೇಕು. ನಿಧಾನಕ್ಕೆ ಆದ್ರೂ ಪರವಾಗಿಲ್ಲ, ಆರು ತಿಂಗಳಾದ್ರೂ." ಎದ್ದು ಹೊರಟರು.

ಗಂಟು ಗಟ್ಟಿಯಾಗಿತ್ತು. ಬಿಚ್ಚಿ, "ಕೊಡಿ ಅನ್ನಿ ಸರ್!" ಎಂದು ಕೂಗಿ, ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದೆ. ಅವರು ಆಗಲೇ ಮೆಟ್ಟಿಲಿನ ಹತ್ತಿರ ಇದ್ದರು. ನಾನು ಲಿಫ್ಟಿನ ಗುಂಡಿ ಒತ್ತಿದೆ. ಅದು ಗೊಣಗುತ್ತಾ ಮೇಲೆ ಬಂತು, ಬಾಗಿಲು ತೆರೆಯಿತು. ಒಳಗೆ ಹೋಗಿ ನಿಂತೆ.

ಅವರು ತಲೆ ವಾಲಿಸಿ ಕೇಳಿಸಿಕೊಂಡರು. "ತುಂಬಾ ಗೊಣಗುತ್ತೆ ಇದು."

"ಗೊಣಗ್ಲಿ."

ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೇ ಇತ್ತು. ನಾನು ಬಾಗಿಲು ಹಿಡಿದೇ ಇದ್ದೆ.