ನಿಮ್ಮೋರೇ ಹೇಳಿದ್ದು

"ನಮ್ಮ ಸೊಸೆ ನಾಳೆ ಚೌಡಿ ಬನದಲ್ಲಿ ನಿಂತು ತಪ್ಪು ಒಪ್ಪಿಕೊಳ್ಬೇಕಂತೆ ಲಾಯರಮ್ಮ. ಮಾಡದೇ ಇರೋ ತಪ್ಪು."

ಹೊನ್ನೆಬೈಲಿನ ದುಗ್ಗಪ್ಪ ಗೇಟಿನ ಆಚೆಯೇ ನಿಂತು ಇಷ್ಟು ಹೇಳಿ, ಬಾಯಿಗೆ ಕಟ್ಟಿಕೊಂಡಿದ್ದ ಟವೆಲಿನಿಂದಲೇ ಕಣ್ಣೊರೆಸಿಕೊಂಡರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಊರಿನವರು ಹೊಸಿಲು ತುಳಿಯಲು ಬಿಡದೆ ಬಿಡದೆ, ಹೊರಗೆ ನಿಲ್ಲುವುದೇ ಅವರಿಗೆ ಅಭ್ಯಾಸವಾಗಿಹೋಗಿತ್ತು.

ಕೊರೊನಾ ಬಂದು ಹೊಸನಗರದ ಕೋರ್ಟು ಮುಚ್ಚಿದ ಮೇಲೂ ವಕೀಲೆ ಅನ್ನಪೂರ್ಣೇಶ್ವರಿಯವರ ಗೇಟು ಮುಚ್ಚಿರಲಿಲ್ಲ. ಕಳುವಾದ ತಾಳಿಯಿಂದ ಸುಟ್ಟುಹೋದ ಹುಲ್ಲಿನ ಬಣವೆಯವರೆಗೆ, ಪೊಲೀಸರು ಕೈಬಿಟ್ಟದ್ದನ್ನೆಲ್ಲ ಜನ ಇವರ ಹತ್ತಿರ ತರುತ್ತಿದ್ದರು. ಹಾಗೆ ಅವರು ಎಲ್ಲಿಗೆ ಹೊರಟರೂ ಆಟೋ ಓಡಿಸುವವನು ಶಂಭು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮೂಗಿನ ತುದಿಯಲ್ಲೇ ಸಿಟ್ಟು. ಆವತ್ತೂ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ದುಗ್ಗಪ್ಪನ ಸೊಸೆಯ ಮಾತು ಬಂದದ್ದೇ ತಲೆ ತಗ್ಗಿಸಿದ.

ಕಾರಣವಿತ್ತು. ಹೋದ ವಾರ ಆ ಸೊಸೆ, ಆಶಾ ಕಾರ್ಯಕರ್ತೆ ಭವ್ಯಾ, ಬಿಸಿಲಲ್ಲಿ ಮಾತ್ರೆಯ ಚೀಲ ಹಿಡಿದು ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿದ್ದಳು. ಶಂಭು ನಿಲ್ಲಿಸಿ, ಮುಖ ನೋಡಿ, "ಗಾಡಿ ಕೆಟ್ಟಿದೆ" ಅಂದಿದ್ದ. ಇಂಜಿನ್ ಆಗ ಗುರುಗುಡುತ್ತಲೇ ಇತ್ತು. ಅವಳು ಅದನ್ನೊಮ್ಮೆ ನೋಡಿ ನಡೆದುಹೋಗಿದ್ದಳು.

"ಮೊದಲಿಂದ ಹೇಳಿ ದುಗ್ಗಪ್ಪ," ಅಂದರು ಲಾಯರಮ್ಮ.

ದುಗ್ಗಪ್ಪ ಹೇಳಿದರು. ಹೊನ್ನೆಬೈಲಿನ ಗಣೇಶಮೂರ್ತಿ ಹೆಗಡೆಯ ತಮ್ಮ ಗಿರಿಧರನಿಗೆ ಮುಂಬೈಯಲ್ಲಿ ಅಡುಗೆ ಕೆಲಸ. ಅವನು ಕಳ್ಳದಾರಿಯಲ್ಲಿ ಬಂದು ಮನೆಯಲ್ಲಿ ಅಡಗಿದ್ದಾನೆ ಎಂದು ಒಂದು ದಿನ ತಾಲೂಕಿನಿಂದ ಜೀಪು ಬಂತು. ಅಟ್ಟ ಹುಡುಕಿದರು, ಕೊಟ್ಟಿಗೆ ಹುಡುಕಿದರು. ಅವನು ಸಿಗಲಿಲ್ಲ. ಎಲ್ಲೋ ಸಾಗಹಾಕಿದ್ದಾರೆ ಎಂದುಕೊಂಡು ಮನೆಗೇ ಸೀಲ್ ಹಾಕಿ, ಮನೆಮಂದಿಯನ್ನೆಲ್ಲ ಒಳಗೆ ಕೂರಿಸಿ ಹೋದರು. ಸೀಲಿನ ಅವಧಿ ಮುಗಿಯುವುದರೊಳಗೆ ಗಣೇಶಮೂರ್ತಿಯ ಹೆಂಡತಿ ಶರಾವತಿಯ ಅಪ್ಪ ಕಾರ್ಗಲ್ಲಿನಲ್ಲಿ ತೀರಿಕೊಂಡರು. ಮಗಳು ಹೋಗುವ ಹಾಗಿಲ್ಲ. ಚಿತೆಗೆ ಬೆಂಕಿ ಇಡುವುದನ್ನು ಮೊಬೈಲಿನಲ್ಲಿ ನೋಡಿದಳು. ಅದೂ ಅರ್ಧಕ್ಕೇ ನಿಂತುಹೋಯಿತು.

"ಸುದ್ದಿ ಕೊಟ್ಟಿದ್ದು ಭವ್ಯಾ ಅಂತ ಊರೆಲ್ಲ ಹೇಳ್ತದೆ. ನಮ್ಮಪ್ಪ ಹೆಗಡೇರ ಮನೆ ಗೇಣಿ ಒಕ್ಕಲಾಗಿದ್ದ ನೋಡಿ. ಆ ಹಳೇ ಸೇಡು ಅಂತೆ. ಗೇಟಿಗೆ ಮುಳ್ಳು ಜಡಿದ್ರು. ಡೈರಿಯೋನು ಹಾಲು ಹಾಕಲ್ಲ. ಮಗ ಗೋವಾದಾಗೆ ಸಿಕ್ಕಿಬಿದ್ದಾನೆ, ಬರಂಗಿಲ್ಲ. ನಾಳೆ ತಪ್ಪು ಒಪ್ಪಿ ಕಾಣಿಕೆ ಹಾಕದಿದ್ರೆ ಊರಾಗೆ ಯಾರೂ ನಮ್ಮ ಹತ್ರ ಮಾತಾಡಂಗಿಲ್ಲಂತೆ. ಅವಳು ಒಪ್ಪಿಬಿಡ್ತೀನಿ ಅಂತಾಳೆ ಅಮ್ಮ. ಮಗಳ ಹಾಲಿಗೋಸ್ಕರ."

ಲಾಯರಮ್ಮ ಚಪ್ಪಲಿ ಮೆಟ್ಟಿಕೊಂಡರು.

ಸರ್ಕಾರದ ಚೆಕ್‌ಪೋಸ್ಟು ಪೇಟೆಯಲ್ಲಿತ್ತು. ಹೊನ್ನೆಬೈಲಿನವರು ತಮ್ಮದೇ ಇನ್ನೊಂದು ಮಾಡಿಕೊಂಡಿದ್ದರು: ರಸ್ತೆಗೆ ಅಡ್ಡವಾಗಿ ಒಂದು ಮರದ ದಿಮ್ಮಿ, 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಹಲಗೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಊರಿನ ಯಜಮಾನ ಕನ್ನಪ್ಪ. ಬಂದವರ ಕೈಗೆಲ್ಲ ಸ್ಯಾನಿಟೈಜರ್ ಸುರಿಯುತ್ತಿದ್ದ. ಕೈ ತೊಳೆಯುವುದನ್ನು ಆ ಊರು ಚೆನ್ನಾಗಿ ಕಲಿತಿತ್ತು. ನಾಲಿಗೆ ತೊಳೆಯುವುದನ್ನು ಯಾವ ಸುತ್ತೋಲೆಯೂ ಹೇಳಿರಲಿಲ್ಲವಲ್ಲ.

"ಶಂಭು, ಅವಳನ್ನ ಗಾಡಿಗೆ ಹತ್ತಿಸ್ಕೊಳ್ಳಲಿಲ್ಲಂತೆ," ಅಂದ ಕನ್ನಪ್ಪ ನಗುತ್ತ. "ಗಂಡಸು ಕಣೋ ನೀನು."

ಶಂಭುವಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ತಿರುಗಿ ಬೈಯಲು ಬಾಯಿ ತೆರೆದ. ಬೈಯಲು ತನಗಿನ್ನು ಹಕ್ಕಿಲ್ಲ ಎಂದು ಹೊಳೆದು ಮುಚ್ಚಿದ. ಲಾಯರಮ್ಮ ಅವನತ್ತ ಒಮ್ಮೆ ನೋಡಿದರು. ಏನನ್ನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಭವ್ಯಾ ತನ್ನ ಮನೆಯ ಜಗಲಿಯಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು. ಶಂಭು ಗೇಟಿನ ಮುಳ್ಳಿನ ಆಚೆಯೇ ಉಳಿದ.

"ಆವತ್ತು ಬೆಳಿಗ್ಗೆ ನೀನು ಹೆಗಡೇರ ಮನೆಗೆ ಹೋಗಿದ್ಯಾ?" ಲಾಯರಮ್ಮ ಕೇಳಿದರು.

"ಹೋಗಿದ್ದೆ. ಮೂಕಾಂಬಮ್ಮಂಗೆ ಬಿಪಿ ನೋಡ್ದೆ. ಒಳಗೆ ಕೂತು ಮಜ್ಜಿಗೆ ಕುಡ್ದೆ. ಮಧ್ಯಾಹ್ನ ಜೀಪು ಬಂತು. ಒಳಗೆ ಯಾರ್ಯಾರು ಹೋಗಿದ್ರಿ ಅಂತ ಕೇಳಿದ್ರು. ನಾನು ಅಂತ ಹೇಳ್ದೆ. ನಮ್ಮನೆಗೂ ಸೀಲ್ ಹಾಕಿದ್ರು. ದೇವರೇ ಶಿಕ್ಷೆ ಕೊಟ್ಟ ಅಂದ್ರು ಊರೋರು."

"ಗಿರಿಧರ ಬರೋ ವಿಚಾರ ನಿಂಗೆ ಗೊತ್ತಿತ್ತಾ?"

"ಇಲ್ಲ. ಅವ್ರು ಊರಿಗೆ ಬಂದು ಯಾವ ಕಾಲ ಆಯ್ತೋ."

"ಜೀಪಿನವರು ಏನಾದ್ರೂ ಹೇಳಿದ್ರಾ, ಸುದ್ದಿ ಎಲ್ಲಿಂದ ಬಂತು ಅಂತ?"

ಭವ್ಯಾಳ ಬಾಚಣಿಗೆ ನಿಂತಿತು. "ಅದೇ ಆಗಿದ್ದು ಮೇಡಂ. ಹೆಗಡೇರು ಜಗಳಕ್ಕೆ ಹೋದ್ರು. ಆ ಆಫೀಸರು, 'ನಮ್ಮ ಮೇಲೆ ಯಾಕೆ ಕೂಗ್ತೀರಿ, ನಿಮ್ಮೋರೇ ಹೇಳಿದ್ದು' ಅಂದ್ರು. ನಿಮ್ಮೋರು ಅಂದ್ರೆ ಊರೋರು ತಾನೇ? ಊರಲ್ಲಿ ಆಫೀಸಿಗೆ ಫೋನ್ ಮಾಡೋಳು ನಾನೊಬ್ಳೇ. ಅಲ್ಲೇ ತೀರ್ಮಾನ ಆಯ್ತು."

ಅಲ್ಲಿಂದ ಹೆಗಡೆಯವರ ಮನೆಗೆ ಹೋದರು. ಜಗಲಿಯಲ್ಲಿ ಗಣೇಶಮೂರ್ತಿಯ ತಾಯಿ ಮೂಕಾಂಬಮ್ಮ ಬತ್ತಿ ಹೊಸೆಯುತ್ತಿದ್ದರು. ಜನ್ಮದಲ್ಲಿ ಮನೆಮಾತು ಬಿಟ್ಟು ಬೇರೆ ಮಾತಾಡಿದವರಲ್ಲ.

"ಗಣೇಶಮೂರ್ತಿಯವರು ಇದ್ದಾರಾ ಅಮ್ಮ?"

"ಇಲ್ಲೆ. ತೋಟಕ್ಕೆ ಹೋಯ್ದ. ಕೂತ್ಗಳಿ."

ಲಾಯರಮ್ಮ ಕೂರುವುದನ್ನು ಮರೆತು ಒಂದು ಗಳಿಗೆ ಹಾಗೇ ನಿಂತರು. ಶಂಭುವಿಗೆ ಅದು ಯಾಕೆಂದು ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತದು.

ಶರಾವತಿ ನೀರು ತಂದಿಟ್ಟಳು. ಅಳು ಮುಗಿದು ಒಣಗಿದ ಮುಖ. "ಅಪ್ಪ ಹೋದ ಸುದ್ದಿ ಅಣ್ಣ ಹೇಳಿದಾಗ ಅಲ್ಲೇ ನಿಂತಿದ್ದೆ," ಎಂದು ಗೋಡೆಯ ಪಕ್ಕದ ಸಣ್ಣ ಹಲಗೆ ತೋರಿಸಿದಳು. "ರಿಸೀವರ್ ಕೈಯಲ್ಲೇ ಇತ್ತು. ಆ ಭವ್ಯಾನ್ನ ನಾನು ಕ್ಷಮಿಸೋದಿಲ್ಲ ಮೇಡಂ. ಅವಳ ಹೆರಿಗೆಗೆ ರಾತ್ರಿಯಿಡೀ ಕಾದಿದ್ದೆ ನಾನು."

ಹಲಗೆಯ ಮೇಲೆ ಈಗ ಫೋನಿರಲಿಲ್ಲ. ಫೋನು ಕೂತಿದ್ದಷ್ಟು ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಉಳಿದಿತ್ತು.

ಶರಾವತಿ ಒಳಗೆ ಹೋದ ಮೇಲೆ ಬಂದ ಗಣೇಶಮೂರ್ತಿ ಕತ್ತಿಯನ್ನು ಮೂಲೆಗಿಟ್ಟು ಕೈಮುಗಿದ. ತಮ್ಮನ ವಿಷಯ ಕೇಳಿದರೆ, "ಬರ್ತೀನಿ ಅಂತ ಪಾಸಿಗೆ ಅರ್ಜಿ ಹಾಕಿದ್ದ. ಮನೆಯೋರು ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಪಾಸ್ ಸಿಗ್ಲಿಲ್ಲ, ಅಲ್ಲೇ ಉಳ್ದ," ಅಂದ.

"ನಿಮ್ಮ ಲ್ಯಾಂಡ್‌ಲೈನು?"

"ಅದಾ. ಅದು ಸತ್ತು ವರ್ಷವಾಯ್ತು. ಮರ ಬಿದ್ದು ತಂತಿ ಹೋಗಿದೆ."

ಶಂಭು ಹೊರಗೆ ನೋಡಿದ. ಕಂಬದಿಂದ ಸೂರಿಗೆ ಬಂದ ತಂತಿ ಬಿಗಿಯಾಗಿಯೇ ಇತ್ತು. ಗಣೇಶಮೂರ್ತಿ ಮಾತ್ರ ಹೆಂಡತಿ ಹೋದ ಬಾಗಿಲ ಕಡೆ ನೋಡದೆ ನೆಲ ನೋಡುತ್ತಿದ್ದ.

ವಾಪಸು ಬರುವಾಗ ಲಾಯರಮ್ಮ ದಾರಿಯುದ್ದಕ್ಕೂ ಕೊರೊನಾ ಸಹಾಯವಾಣಿಗೆ ಫೋನ್ ಹಚ್ಚಿ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಚೌಡಿ ಬನದ ಮುಂದೆ ಊರು ಸೇರಿತ್ತು. ನೆಲದ ಮೇಲೆ ಅಂತರ ಬಿಟ್ಟು ಸುಣ್ಣದ ಸುತ್ತುಗಳು, ಸುತ್ತಿಗೊಬ್ಬರು. ಹೀಗೆ ನಿಲ್ಲಬೇಕು ಎಂದು ಆ ಊರಿಗೆ ಕಲಿಸಿದವಳೇ ಭವ್ಯಾ. ಈಗ ಅವಳ ಸುತ್ತು ಎಲ್ಲರಿಂದ ದೂರ, ಒಂದು ಮೂಲೆಯಲ್ಲಿತ್ತು. ಪಕ್ಕದಲ್ಲಿ ದುಗ್ಗಪ್ಪ.

"ಶುರು ಮಾಡಾಣ," ಅಂದ ಕನ್ನಪ್ಪ. "ಭವ್ಯಾ, ಚೌಡಮ್ಮನ ಮುಂದೆ ಹೇಳಿಬಿಡು."

"ಅವಳಿಗಿಂತ ಮೊದಲು ನಂದಿದೆ," ಅಂದರು ಲಾಯರಮ್ಮ. "ಸುದ್ದಿ ಕೊಟ್ಟೋರು ಯಾರು ಅಂತ ತಾನೇ ನಿಮ್ಮ ಪ್ರಶ್ನೆ? ಭವ್ಯಾನೇ ಅಂತಿಟ್ಕೊಳ್ಳಿ. ಆ ಮನೇಲಿ ರೋಗ ಇದೆ ಅಂತ ನಿಜವಾಗಿ ನಂಬಿದ್ರೆ, ಆವತ್ತೇ ಬೆಳಿಗ್ಗೆ ಒಳಗೆ ಕೂತು ಮಜ್ಜಿಗೆ ಕುಡೀತಿದ್ಲಾ? ಅವಳ ಮನೇಲಿ ಚಿಕ್ಕ ಮಗು ಇದೆ."

"ಸೇಡಿಗೆ ಸುಳ್ಳು ಹೇಳಿರಬೋದಲ್ಲ," ಅಂತ ಒಬ್ಬ ಗೊಣಗಿದ.

"ಸುಳ್ಳು ಹೇಳೋಳು ತಾನೇ ಹೋಗಿ ಬೋನಿಗೆ ಬೀಳ್ತಾಳಾ? ಆ ಮನೆಗೆ ಹೋದವರಿಗೆಲ್ಲ ಸೀಲ್ ಹಾಕ್ತಾರೆ ಅಂತ ಊರಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದೂ ಅಲ್ಲದೆ, ಜೀಪಿನವರು ಕೇಳಿದ್ದು ಗಿರಿಧರನನ್ನ. ಅವನು ಬರೋದಿತ್ತು ಅಂತ ಗೊತ್ತಿದ್ದಿದ್ದು ಎರಡೇ ಕಡೆ. ಒಂದು, ಪಾಸಿನ ಅರ್ಜಿ ತಗೊಂಡ ಸರ್ಕಾರ. ಇನ್ನೊಂದು, ಅವನ ಮನೆ. ಹಾಗಾದ್ರೆ 'ನಿಮ್ಮೋರೇ ಹೇಳಿದ್ದು' ಅಂದ ಆಫೀಸರು ಊರೋರನ್ನ ಅಂದಿದ್ದಲ್ಲ. ಮನೆಯೋರನ್ನ."

ಶರಾವತಿ ಗಂಡನತ್ತ ತಿರುಗಿದಳು.

"ಅರ್ಜಿಯಲ್ಲಿ ಗಿರಿಧರ ಮನೆಯ ಲ್ಯಾಂಡ್‌ಲೈನ್ ನಂಬರ್ ಕೊಟ್ಟಿದ್ದ. ಸಹಾಯವಾಣಿಯಿಂದ ಅದಕ್ಕೆ ಫೋನ್ ಬಂತು. ಆ ಫೋನು ಸತ್ತು ವರ್ಷವಾಯ್ತು ಅಂದ್ರು ಗಣೇಶಮೂರ್ತಿ. ತಂದೆ ಹೋದ ಸುದ್ದಿ ಬಂದಿದ್ದೇ ಅದಕ್ಕೆ ಅಂದ್ರು ಶರಾವತಿ. ಇಬ್ಬರಲ್ಲಿ ಯಾರ ಮಾತು ನಿಜ ಅಂತ ಧೂಳೇ ಹೇಳ್ತಿತ್ತು. ಕೆಡದೇ ಇರೋ ಫೋನನ್ನ ಯಾಕೆ ಬಚ್ಚಿಡ್ಬೇಕು? ಸಹಾಯವಾಣಿಯೋರು ಮತ್ತೆ ಫೋನ್ ಮಾಡಿದ್ರೆ, ಅದು ಹೆಂಡತಿ ಕೈಗೆ ಸಿಗಬಾರದು ಅಂತ."

ಲಾಯರಮ್ಮ ಮೊಬೈಲಿನ ಸ್ಪೀಕರ್ ಹಾಕಿ ಮೂಕಾಂಬಮ್ಮನ ಹತ್ತಿರ ಹಿಡಿದರು. "ಆವತ್ತು ಫೋನ್ ಮಾಡಿದ ಹುಡುಗಿ ಸೌಜನ್ಯಾ. ವಿಜಯಪುರದ ಕಡೆಯೋಳು. ಕೇಳಮ್ಮ ಸೌಜನ್ಯಾ, ಆವತ್ತು ಕೇಳಿದ ಹಾಗೇ."

"ಅಜ್ಜಿ, ಮುಂಬೈ ಗಿರಿಧರ ಅವರು ಎಲ್ಲಿ ಅದಾರ್ರೀ? ಮನಿಗೆ ಬಂದಾರೇನು?"

"ಇಲ್ಲೆ," ಅಂದರು ಮೂಕಾಂಬಮ್ಮ.

"ಮನ್ಯಾಗ ಅದಾರೇನ್ರೀ?"

"ಇಲ್ಲೆ, ಇಲ್ಲೆ."

"ನೋಡ್ರಿ ಮೇಡಂ," ಅಂತು ಫೋನು. "ಆವತ್ತೂ ಹಿಂಗ ಅಂದ್ರು. ಇಲ್ಲೇ ಅದಾರ ಅಂತ ನಾ ಮ್ಯಾಲ ತಿಳಿಸಿದೆ. ಎರಡ ಸಲ ಕೇಳಿದ್ನಿರಿ, ತಪ್ಪಾಗಬಾರದಂತ."

ಒಬ್ಬಿಬ್ಬರು ಮೊದಲು ನಕ್ಕರು. ಆಮೇಲೆ ಅವರ ಕಣ್ಣು ಮೂಲೆಯಲ್ಲಿದ್ದ ಭವ್ಯಾಳ ಸುತ್ತಿನತ್ತ ಹೋಯಿತು.

"ಈ ಮನೆಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ," ಅಂದರು ಲಾಯರಮ್ಮ ಫೋನ್ ಇಡುತ್ತ. "ಮಿಕ್ಕ ಕನ್ನಡದೋರ ಕಿವಿಗೆ ಅದು ಇಲ್ಲೇ, ಈ ಜಾಗದಲ್ಲೇ. ನಾನು ಮಂಡ್ಯದೋಳು. ಮದುವೆಯಾಗಿ ಬಂದ ಹೊಸದರಲ್ಲಿ ಸಾಗರದ ಒಂದು ಮನೇಲಿ, ಯಜಮಾನ್ರು 'ಇಲ್ಲೆ' ಅಂದಿದ್ದಕ್ಕೆ ಸಂಜೆವರೆಗೂ ಅವರಿಗೆ ಕಾದು ಕೂತಿದ್ದೆ. ನಿನ್ನೆ ಈ ಅಮ್ಮ ಆ ಮಾತು ಅಂದಾಗ ಅದು ನೆನಪಾಯ್ತು. ನಿಮಗ್ಯಾರಿಗೂ ಇದು ಹೊಳೀಲಿಲ್ಲ. ಹೊಳೆಯೋದೂ ಇಲ್ಲ. ದಿನಾ ಕೇಳೋ ಮಾತು. ಅಮ್ಮಂದು ತಪ್ಪಿಲ್ಲ, ಆ ಹುಡುಗಿದೂ ತಪ್ಪಿಲ್ಲ. ತಪ್ಪು ಶುರುವಾಗೋದು ಅದಾದ ಮೇಲೆ."

"ಆನು ಸುಳ್ಳು ಹೇಳಿದ್ನಿಲ್ಲೆ," ಎಂದರು ಮೂಕಾಂಬಮ್ಮ ಎಲ್ಲರ ಮುಖ ನೋಡುತ್ತ. "ಒಂದು ಕೂಸು ಫೋನ್ ಮಾಡಿತ್ತು ಹೇಳಿ ಮಾಣಿಗೆ ಅವತ್ತೇ ಹೇಳಿದ್ದೆ." ಮಗನತ್ತ ಬೆರಳು ತೋರಿಸಿದರು.

ಶರಾವತಿಯ ದನಿ ಏರಲಿಲ್ಲ. "ನಿಮಗೆ ಗೊತ್ತಿತ್ತಾ?"

ಗಣೇಶಮೂರ್ತಿ ತನ್ನ ಸುತ್ತಿನೊಳಗೇ ಕುಸಿದು ಕೂತ. "ಜೀಪು ಹೋದ ಮೇಲೆ ಗೊತ್ತಾತು. ಹೇಳ್ಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಮಾವ ಹೋದ್ರು. ಅಪ್ಪನ ಕೊನೇ ಮುಖ ನೋಡೋದು ತಪ್ಪಿಸಿದ್ದು ಆಯಿಯ ಮಾತು ಅಂತ ಗೊತ್ತಾದ್ರೆ, ನೀನು ಮತ್ತೆ ಅವಳಿಗೆ ಒಂದು ಲೋಟ ನೀರು ಕೊಡ್ತಿದ್ಯಾ? ಊರು ಆಗಲೇ ಭವ್ಯಾ ಅಂತಿತ್ತು. ಅನ್ನಲಿ ಅಂತ ಸುಮ್ಮನಾದೆ."

"ನನ್ನನ್ನ ಅಷ್ಟೇ ತಿಳ್ಕೊಂಡಿದ್ದು ನೀವು," ಎಂದಳು ಶರಾವತಿ. ಅತ್ತೆಯ ಹತ್ತಿರ ಹೋಗಿ, ಅವರ ಕೈ ಹಿಡಿದುಕೊಂಡಳು. ಭವ್ಯಾಳ ಕಡೆ ಮಾತ್ರ ಮುಖ ಎತ್ತಲಾಗಲಿಲ್ಲ.

ಕನ್ನಪ್ಪ ಗಂಟಲು ಸರಿಮಾಡಿಕೊಂಡ. "ಸರಿ, ಆಗಿದ್ದಾಯ್ತು. ಗೊತ್ತಿಲ್ದೆ ಆದದ್ದು. ನೀನು ಮನೆಗೆ ಹೋಗು ಭವ್ಯಾ."

"ನಾನೆಲ್ಲಿಗೆ ಹೋಗ್ಬೇಕು ಅಂತ ಇನ್ನೂ ನೀವೇ ಹೇಳ್ತೀರಾ ಕನ್ನಪ್ಪಣ್ಣ?" ಭವ್ಯಾ ಸುತ್ತಿನಿಂದ ಹೊರಗೆ ಬಂದಳು. "ತಪ್ಪು ಒಪ್ಪಿಕೊಳ್ಳಕ್ಕೆ ಅಂತ ಚೌಡಮ್ಮನ ಮುಂದೆ ಎಲ್ಲರನ್ನೂ ಕರೆಸಿದೀರಿ. ಈಗ ಒಪ್ಪಿಕೊಳ್ಳಿ. ಯಾರು ಮೊದಲು?"

ಗಣೇಶಮೂರ್ತಿ ಎದ್ದು ಕೈಮುಗಿದ.

"ಬೇಡ ಹೆಗಡೇರೇ. ನಿಮ್ಮ ಆಯಿ ಮಾನ ಉಳಿಸ್ಕೊಂಡ್ರಿ, ತಪ್ಪಲ್ಲ. ಅದಕ್ಕೆ ನನ್ನ ಮಗಳ ಹಾಲು ಯಾಕೆ ಬೇಕಾಯ್ತು, ಅಷ್ಟೇ ನಂಗೆ ಅರ್ಥ ಆಗಲ್ಲ." ಮಾವನ ಕಡೆ ತಿರುಗಿದಳು. "ನಡೀರಿ ಮಾವ. ಇವತ್ತು ಕೆಳಗಿನ ಕೇರಿಗೆ ಮಾತ್ರೆ ಕೊಡೋದಿದೆ."

ಇಬ್ಬರೂ ನಡೆದುಹೋದರು. ಬಿಸಿಲು ಏರಿತು. ಊರಿಗೆ ಹೋಗಲು ಇದ್ದದ್ದು ಅದೊಂದೇ ದಾರಿ, ಅದೂ ಅವಳ ಅಂಗಳದ ಮುಂದೆಯೇ. ಮೊದಲು ಹೊರಟವನು ಅವಳ ಕಣ್ಣಿಗೆ ಮೊದಲು ಬೀಳುತ್ತಾನೆ. ಬೆಳಿಗ್ಗೆ ಅಷ್ಟು ಅವಸರದಲ್ಲಿ ಬಂದಿದ್ದ ಊರು ಸುಣ್ಣದ ಸುತ್ತುಗಳೊಳಗೆ ಹಾಗೇ ನಿಂತಿತ್ತು.

"ಹೊರಡೋಣ ಶಂಭು," ಅಂದರು ಲಾಯರಮ್ಮ.

"ಒಂಚೂರು ತಡೀರಿ ಅಮ್ಮ," ಅಂದ ಅವನು. ಬೇರೆ ಯಾರಾದರೂ ಮೊದಲು ಹೋಗಲಿ ಎಂದು ಅವನೂ ಕಾಯುತ್ತಿದ್ದ.